ಕರು ಹಿಡಿಯುವ ಕೆಲಸದಿಂದ ಹಾಲು ಕರೆಯುವ ತನಕ

ಸೋಮವಾರಪೇಟೆ ಕಡೆಯ ನಮ್ಮ ಮನೆಗೆ ಕಾಫಿಯ ದುಡ್ಡು ವರ್ಷಕ್ಕೊಮ್ಮೆ ಬರುತ್ತಿತ್ತು. ಸಂತೆಯ ಖರ್ಚಿಗೆ ಒದಗುತ್ತಿದ್ದುದು ಹಾಲಿನ ದುಡ್ಡೇ. ಆದ್ದರಿಂದ ಮಕ್ಕಳ ಕೈಗೆ ಹಾಲು ಕರೆಯುವ ಚೆಂಬು ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ನನಗೆ ಸಿಕ್ಕ ಮೊದಲ ಹುದ್ದೆ ಕರು ಹಿಡಿಯುವುದು.

ಇದನ್ನು ಚಿಲ್ಲರೆ ಕೆಲಸ ಎಂದುಕೊಳ್ಳಬೇಡಿ. ಮಲೆನಾಡು ಗಿಡ್ಡ ಹಸು ಕರು ಬಾಯಿ ಹಾಕದ ಹೊರತು ಸೊರ ಬಿಡುತ್ತಿರಲಿಲ್ಲ, ಅಂದರೆ ಹಾಲು ಇಳಿಸುತ್ತಿರಲಿಲ್ಲ. ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಚೀಪಿ, ಬಾಯಂಚಿನಲ್ಲಿ ನೊರೆ ಕಂಡೊಡನೆ ಅಜ್ಜಿ "ಸಾಕು, ಎಳೆ" ಎನ್ನುತ್ತಿದ್ದರು. ಹಸಿದ ಕರುವನ್ನು ಹಗ್ಗ ಜಗ್ಗಿ ಬಿಡಿಸಲಾಗದು. ಅದರ ಎದೆಗೆ ಮೊಣಕಾಲು ಕೊಟ್ಟು ಹಿಂದಕ್ಕೆ ತಳ್ಳಬೇಕು, ಆಮೇಲೆ ತಾಯಿ ನೆಕ್ಕುವಂತೆ ಮುಂದೆ ಕಟ್ಟಬೇಕು. ಅಲ್ಲಿಂದ ಕೆಲವೇ ನಿಮಿಷಗಳ ಅವಕಾಶ. ಹಾಲನ್ನು ಇಳಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಅಷ್ಟರಲ್ಲಿ ಕರಗಿಹೋಗುತ್ತದೆ, ಹಸು ಬೆದರಿದರೆ ಅದಕ್ಕೂ ಮೊದಲೇ ಹಾಲು ನಿಲ್ಲುತ್ತದೆ ಎಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅಜ್ಜಿ ಮಾತ್ರ ಕರೆಯುವ ಹೊತ್ತಿಗೆ ನಾಯಿಯನ್ನೂ ನೆಂಟರನ್ನೂ ಒಂದೇ ದನಿಯಲ್ಲಿ ಹೊರಗಟ್ಟುತ್ತಿದ್ದರು.

ಕೊಡಗಿನ ಕಕ್ಕಡ ಮಾಸದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಯಲ್ಲಿ ಇನ್ನೊಂದು ಕೆಲಸ ಸೇರಿಕೊಳ್ಳುತ್ತಿತ್ತು. ಮೇಯ್ದು ಬಂದ ಹಸುವಿನ ಗೊರಸಿನ ಸಂದು, ಕೆಚ್ಚಲಿನ ಬುಡ ಎಲ್ಲವನ್ನೂ ತಡವಿ ಜಿಗಣೆ ತೆಗೆಯಬೇಕು. ಒಂದು ಉಳಿದರೂ ಚೆಂಬಿಗೆ ಒದೆ ಖಚಿತ.

ಕೊನೆಗೂ ಚೆಂಬು ಸಿಕ್ಕಾಗ ಅಜ್ಜಿ ಕಲಿಸಿದ್ದು ಮುಷ್ಟಿಯಲ್ಲಿ ಕರೆಯುವುದನ್ನು. ಮೊದಲು ಬಿಸಿನೀರಿನಲ್ಲಿ ಕೆಚ್ಚಲು ತೊಳೆದು ಒರೆಸಿ, ಮೊದಲ ಒಂದೆರಡು ಧಾರೆಯನ್ನು ಬೇರೆ ಚಿಪ್ಪಿಗೆ ಬಿಟ್ಟು ಚೆಲ್ಲುವುದು. ಅದರಲ್ಲಿ ಗರಣೆ ಕಂಡರೆ ಕೆಚ್ಚಲು ಬಾವು ಎಂದು ತಿಳಿಯುವುದು. ಬಳಿಕ ಹೆಬ್ಬೆರಳು, ತೋರುಬೆರಳಿನಿಂದ ತೊಟ್ಟಿನ ಬುಡ ಬಿಗಿದು, ಉಳಿದ ಬೆರಳುಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಮುಚ್ಚುತ್ತ ಹೋಗುವುದು. ಹೆಬ್ಬೆರಳು ಮಡಚಿ ಎಳೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ತೊಟ್ಟಿನ ಒಳಗೇ ಗಾಯವಾಗುತ್ತದೆ.

ಅಪ್ಪ ಜೆರ್ಸಿ ಮಿಶ್ರತಳಿ ತಂದ ಮೇಲೆ ಹಾಲು ಕೂಡಿಗೆಯ ಡೇರಿಗೆ ಹೋಗತೊಡಗಿತು, ಮನೆಯಲ್ಲಿ ಜಗಳವೂ ಶುರುವಾಯಿತು. ಕೊನೆಯ ಧಾರೆಯಲ್ಲಿಯೇ ಕೊಬ್ಬು ಹೆಚ್ಚು. ಅದನ್ನು ಅಜ್ಜಿ ಸದ್ದಿಲ್ಲದೆ ಮನೆಯ ಮೊಸರಿಗೆ ಎತ್ತಿಡುತ್ತಿದ್ದರು. ಡೇರಿಗೆ ಹಾಲು ಕೊಳ್ಳುವ ಸಂಘದಲ್ಲಿ ದರ ಕಟ್ಟುತ್ತಿದ್ದುದೂ ಕೊಬ್ಬು ನೋಡಿಯೇ.

"ಫ್ಯಾಟ್ ಬರದಿದ್ದರೆ ದುಡ್ಡೂ ಬರುವುದಿಲ್ಲ, ಅವ್ವ."

"ಮೊಸರು ಕೆನೆ ಕಟ್ಟದಿದ್ದರೆ ಮೊದಲು ಗೊಣಗುವವನು ನೀನೇ."

ಬೆಳಗಿನ ಕೊನೆಯ ಧಾರೆ ಸಂಘದ ಕ್ಯಾನಿಗೆ, ಸಂಜೆಯದು ಅಜ್ಜಿಯ ಮೊಸರಿನ ಗಡಿಗೆಗೆ ಎಂದು ತೀರ್ಮಾನವಾಯಿತು. ಸಂಜೆ ಕರೆಯುವ ಸರದಿ ನನ್ನದು. ಗಡಿಗೆಯಲ್ಲಿ ಕೆನೆ ತೆಳುವಾದ ದಿನ ಬೈಗುಳವೂ ನನ್ನ ಪಾಲಿಗೇ.