ದವಡೆ ಕೀಲಿನ ತೊಂದರೆಯನ್ನು ವೈದ್ಯರು ಪತ್ತೆ ಮಾಡುವ ಬಗೆ

ಖಡಕ್ ರೊಟ್ಟಿ ಅಗಿಯುವಾಗ ಕಿವಿಯ ಮುಂದೆ ನೋವೆದ್ದರೆ ಹಲವರು ಬುದ್ಧಿಹಲ್ಲನ್ನೋ ಕಿವಿಯನ್ನೋ ಶಂಕಿಸುತ್ತಾರೆ. ಆ ಜಾಗದಲ್ಲೇ ಇರುವ ದವಡೆಯ ಕೀಲು ನೆನಪಾಗುವುದು ತಡವಾಗಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳಲ್ಲಿ ದಂತ ಮಹಾವಿದ್ಯಾಲಯಗಳಿರುವುದರಿಂದ ಇದರ ತಪಾಸಣೆಗೆ ದೂರ ಹೋಗಬೇಕಾಗಿಲ್ಲ.

ಮೊದಲ ಹಂತದಲ್ಲಿ ಮೂರೇ ಪ್ರಶ್ನೆಗಳು. ಕಣತಲೆ, ಮುಖ ಅಥವಾ ದವಡೆಯಲ್ಲಿ ವಾರಕ್ಕೊಮ್ಮೆಯಾದರೂ ನೋವು ಬರುತ್ತದೆಯೇ? ಬಾಯಿ ತೆರೆಯುವಾಗ, ಅಗಿಯುವಾಗ ಅಷ್ಟೇ ಸಲ ನೋಯುತ್ತದೆಯೇ? ದವಡೆ ಸಿಕ್ಕಿಹಾಕಿಕೊಳ್ಳುತ್ತದೆಯೇ? ಒಂದಕ್ಕೆ ಹೌದೆಂದರೂ ವಿವರವಾದ ಪರೀಕ್ಷೆ ನಡೆಯಬೇಕು. ಆಗ ಹಲ್ಲು ಕಡಿಯುವ ಅಭ್ಯಾಸ, ಹಳೆಯ ಪೆಟ್ಟುಗಳ ಜೊತೆಗೆ ನಿದ್ದೆ, ಚಿಂತೆಗಳನ್ನೂ ವಿಚಾರಿಸುತ್ತಾರೆ. ಇದು ಅಧಿಕಪ್ರಸಂಗವಲ್ಲ, 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡವೇ ದೇಹದ ಜೊತೆ ಮನಸ್ಸಿನ ಸ್ಥಿತಿಯನ್ನೂ ಅಳೆಯಬೇಕೆನ್ನುತ್ತದೆ.

ನಂತರ ಬಾಯಿಯನ್ನು ಪೂರ್ತಿ ತೆರೆಸಿ, ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವಿನ ಅಂತರವನ್ನು ಅಳೆಯುತ್ತಾರೆ. ಹಲ್ಲುಗಳು ಒಂದರ ಮೇಲೊಂದು ಕೂರುವ ಭಾಗವನ್ನು ಸೇರಿಸಿಯೂ ಅಳತೆ 40 ಮಿಲಿಮೀಟರಿಗಿಂತ ಕಡಿಮೆ ಬಂದರೆ ಬಾಯಿ ಸಾಕಷ್ಟು ತೆರೆಯುತ್ತಿಲ್ಲವೆಂದು ಅರ್ಥ. ವೈದ್ಯರು ಬೆರಳಿನಿಂದ ಮೆಲ್ಲನೆ ಒತ್ತಿದಾಗ ಇನ್ನಷ್ಟು ತೆರೆದರೆ ಸ್ನಾಯುವಿನ ಬಿಗಿತದ ಕಡೆಗೂ, ತೆರೆಯದಿದ್ದರೆ ಕೀಲಿನೊಳಗಿನ ಮೃದ್ವಸ್ಥಿಯಂಥ ಬಿಲ್ಲೆ ಜಾರಿರುವ ಕಡೆಗೂ ಅನುಮಾನ ಹೋಗುತ್ತದೆ. ಆದರೆ ಗುಟ್ಕಾ, ಅಡಿಕೆ ಅಗಿಯುವವರಲ್ಲಿ ಇಷ್ಟಕ್ಕೇ ತೀರ್ಮಾನಿಸುವಂತಿಲ್ಲ. ಕೆನ್ನೆಯ ಒಳಪದರ ಬಿಳಿಚಿಕೊಂಡು ಗಟ್ಟಿ ಪಟ್ಟೆಗಳು ಕೈಗೆ ಸಿಕ್ಕುತ್ತಿದ್ದರೆ, ಖಾರ ತಾಗಿದೊಡನೆ ಬಾಯಿ ಉರಿಯುತ್ತಿದ್ದರೆ, ಅದು ಕೀಲಿನ ತೊಂದರೆಯಲ್ಲ, ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ಬೇರೆಯೇ ರೋಗ.

ಮುಂದಿನದು ಒತ್ತಿ ನೋಡುವ ಪರೀಕ್ಷೆ. ಕೆನ್ನೆ ಮತ್ತು ಕಣತಲೆಯ ಸ್ನಾಯುಗಳ ಮೇಲೆ ಸುಮಾರು ಒಂದು ಕಿಲೋ, ಕೀಲಿನ ಹೊರತುದಿಯ ಮೇಲೆ ಅರ್ಧ ಕಿಲೋ ಭಾರ ಬೀಳುವಂತೆ ಬೆರಳಿಡುತ್ತಾರೆ. ನೋಯಿತೇ ಎಂಬುದಕ್ಕಿಂತ, ದಿನವೂ ಕಾಡುವ ನೋವು ಇದೇನಾ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯ. ಗಟ್ಟಿಯಾಗಿ ಒತ್ತಿದರೆ ಯಾರಿಗಾದರೂ ನೋಯುತ್ತದೆ. ಕೀಲಿನ ಸದ್ದನ್ನೂ ಗಮನಿಸುತ್ತಾರೆ. ನೋವಿಲ್ಲದ 'ಟಕ್' ಸದ್ದು ಆರೋಗ್ಯವಂತರಲ್ಲೂ ಸಾಮಾನ್ಯವಾದ್ದರಿಂದ ಅದೊಂದಕ್ಕೇ ಚಿಕಿತ್ಸೆ ಬೇಕಿಲ್ಲ. ಕರಕರ ಸದ್ದು ಕೀಲು ಸವೆದಿರುವ ಸೂಚನೆಯಾಗಬಹುದು.

ಚಿತ್ರಣ ಎಲ್ಲರಿಗೂ ಬೇಕಾಗುವುದಿಲ್ಲ. ಬಿಲ್ಲೆಯ ಸ್ಥಾನ ತಿಳಿಯಲು ಎಂಆರ್‌ಐ, ಮೂಳೆಯ ಸವೆತ ಕಾಣಲು ಸಿಟಿ ಸ್ಕ್ಯಾನ್ ನೆರವಾಗುತ್ತವೆ.

ಐವತ್ತು ದಾಟಿದವರಲ್ಲಿ ಹೊಸದಾಗಿ ಕಣತಲೆ ನೋವು ಬಂದು, ಅಗಿಯುತ್ತಿದ್ದಂತೆ ದವಡೆ ಸೋತು ನೋಯುತ್ತಿದ್ದರೆ ರಕ್ತನಾಳದ ಉರಿಯೂತವಿರಬಹುದು; ಅದು ಕಣ್ಣಿನ ದೃಷ್ಟಿಯನ್ನೇ ಕಸಿಯಬಲ್ಲದು. ನಡೆಯುವಾಗ, ಮೆಟ್ಟಿಲೇರುವಾಗ ಮಾತ್ರ ಬರುವ ದವಡೆ ನೋವು ಹೃದಯದ್ದಾಗಿರಬಹುದು. ಇಂಥವರು ದಂತವೈದ್ಯರ ಸರದಿಗೆ ಕಾಯದೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.