ಮನೇಲಿ ಲೈಸೆನ್ಸ್ ಕೋವಿ ಇದ್ರೆ ಅದನ್ನ ಕೋಪದಿಂದ ದೂರ ಇಡೋದು ಹೇಗೆ

ನಮ್ಮ ತಾತಂದು ಒಂದು ಜೋಡಿ ನಳಿಗೆ ಕೋವಿ, ಮಲೆನಾಡಿನ ತೋಟ ಮಾರಿ ವಿಜಯನಗರಕ್ಕೆ ಬಂದಾಗ ಅಪ್ಪ ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸ್ಕೊಂಡು ಹಾಲ್‌ನಲ್ಲಿ ಟಿವಿ ಮೇಲೆ ಎರಡು ಮೊಳೆ ಹೊಡೆದು ನೇತು ಹಾಕಿದ್ರು, ಆಯುಧ ಪೂಜೆಗೆ ಕುಂಕುಮ ಹಚ್ಚೋದು ಬಿಟ್ರೆ ಯಾರೂ ಮುಟ್ತಿರಲಿಲ್ಲ. ಹೋದ ವರ್ಷ ಗೇಟ್ ಮುಂದೆ ಯಾರೋ ಕಾರ್ ನಿಲ್ಲಿಸಿದ್ರು ಅಂತ ಜಗಳ ಆಗಿ ಅಪ್ಪ ನಡುಗ್ತಾ ಒಳಗೆ ಬಂದ್ರು. ನೀರು ಕೊಟ್ಟೆ, ಲೋಟ ಕೈಯಲ್ಲೇ ಇತ್ತು, ಕಣ್ಣು ಮಾತ್ರ ಗೋಡೆ ಕಡೆ. ಏನೂ ಆಗ್ಲಿಲ್ಲ, ಆದ್ರೆ ನನಗೆ ಅವತ್ತು ನಿದ್ದೆ ಬರ್ಲಿಲ್ಲ.

ಇದು ಬರೀ ನನ್ನ ಭಯ ಅಲ್ಲ. 1967ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬರ್ಕೊವಿಟ್ಜ್, ಲೆಪೇಜ್ ಅನ್ನೋ ಮನಃಶಾಸ್ತ್ರಜ್ಞರು 100 ಜನ ಹುಡುಗರ ಮೇಲೆ ಪ್ರಯೋಗ ಮಾಡಿದ್ರು: ಮೊದಲು ಕೆಲವರಿಗೆ ಜಾಸ್ತಿ ಕರೆಂಟ್ ಶಾಕ್ ಕೊಟ್ಟು ರೇಗಿಸೋದು, ಆಮೇಲೆ ಅವರಿಗೆ ತಿರುಗಿ ಶಾಕ್ ಕೊಡೋಕೆ ಬಿಡೋದು. ಟೇಬಲ್ ಮೇಲೆ ಗನ್ ಇದ್ದಾಗ ರೇಗಿದ್ದೋರು ಜಾಸ್ತಿ ಶಾಕ್ ಕೊಟ್ರು, ರೇಗದೇ ಇದ್ದೋರಲ್ಲಿ ಆ ವ್ಯತ್ಯಾಸ ಕಾಣ್ಲಿಲ್ಲ. ಆಮೇಲೆ ಬೇರೆಯವರು ಮಾಡಿದಾಗ ಅದೇ ಫಲಿತಾಂಶ ಕೆಲವು ಸಲ ಬಂತು, ಕೆಲವು ಸಲ ಬರ್ಲಿಲ್ಲ. ಗನ್ ನೋಡಿದ್ರೆ ಮನಸ್ಸಿಗೆ ಹೊಡೆದಾಟದ ಯೋಚನೆ ಬರುತ್ತೆ ಅನ್ನೋದಕ್ಕೆ ಸಾಕ್ಷಿ ಗಟ್ಟಿ, ಕೈ ಎತ್ತೇ ಎತ್ತುತ್ತಾರೆ ಅನ್ನೋದಕ್ಕೆ ಅಷ್ಟಿಲ್ಲ. ನನಗೆ ಅಷ್ಟು ಸಾಕು.

ಮೊದಲು ಗೋಡೆಯಿಂದ ಇಳಿಸಿ, ಲೈಸೆನ್ಸ್ ಇರೋರೇ ಇಳಿಸ್ಲಿ, ಅದೂ ಎಲ್ಲರೂ ಸಮಾಧಾನವಾಗಿರೋ ದಿನ. ನಳಿಗೆನ ಯಾರೂ ಇಲ್ಲದ ಕಡೆ ತಿರುಗಿಸಿ, ಟ್ರಿಗರ್‌ನಿಂದ ಬೆರಳು ದೂರ ಇಟ್ಟು, ಕೋವಿ ಬಿಚ್ಚಿ ಎರಡೂ ನಳಿಗೆ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ಬಿಚ್ಚೋಕೆ ಬರದೇ ಇದ್ರೆ ಕೈ ಹಾಕ್ಬೇಡಿ, ಕೋವಿ ಮಾರೋ ಡೀಲರ್‌ನ ಕೇಳಿ.

ಆಮೇಲೆ ಕೋವಿ ಒಂದು ಬೀರುವಿನಲ್ಲಿ, ಕಾರ್ಟ್ರಿಜ್ ಇನ್ನೊಂದು ರೂಮಲ್ಲಿ, ಎರಡಕ್ಕೂ ಬೀಗ. ಬಟ್ಟೆ ಮುಚ್ಚಿ ಮೂಲೇಲಿ ನಿಲ್ಲಿಸೋದು ಲೆಕ್ಕಕ್ಕಿಲ್ಲ, ಅಲ್ಲೇ ಇದೆ ಅಂತ ಎಲ್ಲರಿಗೂ ಗೊತ್ತಲ್ಲ. ನಮ್ಮನೇಲಿ ಕಾರ್ಟ್ರಿಜ್ ಬೀಗದ ಕೈ ಅಮ್ಮ ಬೇರೆ ಕಡೆ ಎತ್ತಿಟ್ಟಿದ್ದಾರೆ, ಅಪ್ಪನೂ ಒಪ್ಪಿದ್ದಾರೆ. ಮೊಳೇನೂ ಕಿತ್ತುಬಿಡಿ.

ಮನೇಲಿ ಯಾರಾದ್ರೂ ಕುಡೀತಿದ್ರೆ, ಆಸ್ತಿ ಜಗಳ ನಡೀತಿದ್ರೆ, ಯಾರಾದ್ರೂ ತುಂಬ ಕುಗ್ಗಿ ಹೋಗಿದ್ರೆ ಬೀಗ ಸಾಲಲ್ಲ, ಲೈಸೆನ್ಸ್ ಇರೋ ಡೀಲರ್ ಹತ್ರ ಜಮಾ ಇಟ್ಟು ರಸೀದಿ ತಗೊಳ್ಳಿ. ಎಲೆಕ್ಷನ್ ಬಂದಾಗ ಜಮಾ ಮಾಡ್ತೀವಲ್ಲ, ಹಾಗೇನೇ.

ಜಗಳ ಶುರು ಆಗೇ ಹೋಗಿದ್ರೆ ಬೀರು ಹತ್ರ ಹೋಗಿ ಕಿತ್ತಾಡ್ಬೇಡಿ, ಮಕ್ಕಳನ್ನ ಕರ್ಕೊಂಡು ಮನೆಯಿಂದ ಆಚೆ ಬಂದು 112ಕ್ಕೆ ಫೋನ್ ಮಾಡಿ, ಮನೇಲಿ ಕೋವಿ ಇದೆ ಅಂತ ಮೊದಲೇ ಹೇಳಿ.