ಕ್ಯಾಮ್ ಒಂದನ್ನೇ ಬದಲಿಸಿದರೆ ಸಾಲದು: ವಾಲ್ವ್ ಕಡೆ ನಾನು ಮಾಡಿದ ಕೆಲಸ

ಹೆಚ್ಚು ಲಿಫ್ಟ್ ಇರುವ, ಅಂದರೆ ಎಂಜಿನ್ ವಾಲ್ವನ್ನು ಹೆಚ್ಚು ತೆರೆಯುವ, ಕ್ಯಾಮ್‌ಶಾಫ್ಟ್ (ಕ್ಯಾಮ್) ತಂದವರು ಮೊದಲು ಕೇಳುವ ಪ್ರಶ್ನೆ ಒಂದೇ. ಹಳೆಯ ವಾಲ್ವ್ ಸ್ಪ್ರಿಂಗ್ ನಡೆಯುತ್ತಾ? ಅಳೆದು ನೋಡದೆ ಯಾರೂ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಕ್ಯಾಮ್ ಡಬ್ಬಿಯ ಮೇಲೆ ‘ಬೇರೇನೂ ಬದಲಿಸಬೇಕಿಲ್ಲ’ ಅಂತ ಇದ್ದರೂ ನಾನು ಅಷ್ಟನ್ನೇ ನಂಬಿ ಹೆಡ್ (ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗ) ಮುಚ್ಚುವುದಿಲ್ಲ. ನನ್ನ ಹೆಡ್‌ನ ಸೀಟ್ (ವಾಲ್ವ್ ಮುಚ್ಚಿದಾಗ ಕೂರುವ ಜಾಗ) ಹಿಂದೆ ಕಟ್ ಆಗಿದೆಯಾ, ಹೆಡ್ ಸ್ಕಿಮ್ ಆಗಿದೆಯಾ (ತಳ ಸ್ವಲ್ಪ ಕೆತ್ತಿ ಸಮ ಮಾಡಿದ್ದಾರಾ), ಸ್ಪ್ರಿಂಗ್ ಎಷ್ಟು ಸೋತಿದೆ ಅನ್ನುವುದು ಕ್ಯಾಮ್ ಮಾಡಿದವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ನನ್ನ ಕಾರಿನದು ನಾಲ್ಕು ಸಿಲಿಂಡರ್, 16 ವಾಲ್ವ್, ಟ್ವಿನ್ ಕ್ಯಾಮ್ ಪೆಟ್ರೋಲ್ ಎಂಜಿನ್. ಟರ್ಬೊ ಇಲ್ಲ. ಕ್ಯಾಮ್ ನೇರವಾಗಿ ಬಕೆಟ್ (ವಾಲ್ವ್ ಮೇಲೆ ಕವುಚಿದ ಬಟ್ಟಲಿನಂಥ ಭಾಗ) ಅನ್ನು ಒತ್ತುತ್ತದೆ, ಬಕೆಟ್ ಒಳಗೆ ವಾಲ್ವ್ ತುದಿಯ ಮೇಲೆ ಸಂದು ಹೊಂದಿಸುವ ಚಿಕ್ಕ ಬಿಲ್ಲೆ (ಶಿಮ್) ಕೂತಿರುತ್ತದೆ. ಕಂಪನಿ ಕ್ಯಾಮ್‌ನ ಲಿಫ್ಟ್ 8.6 ಮಿ.ಮೀ., ಹೊಸದರದ್ದು 10.5 ಮಿ.ಮೀ. ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ) ಕೂಡ ಜಾಸ್ತಿ. ಎಂಜಿನ್ ಮೊದಲು 6500 ಆರ್‌ಪಿಎಂವರೆಗೆ ತಿರುಗುತ್ತಿತ್ತು, ನನಗೆ 7500 ಬೇಕಿತ್ತು. ಈ ನಾಲ್ಕು ಅಂಕಿ ಹಿಡಿದುಕೊಂಡೇ ಮುಂದಿನ ಎಲ್ಲ ನಿರ್ಧಾರ ಮಾಡಿದೆ.

ಮೊದಲು ಸ್ಪ್ರಿಂಗ್ ವಿಷಯ, ಯಾಕೆಂದರೆ ಅರ್ಧ ಕೆಲಸ ಅಲ್ಲೇ ಇದೆ. ಕ್ಯಾಮ್ ವಾಲ್ವನ್ನು ತಳ್ಳಿ ತೆರೆಯುತ್ತದೆ ಅಷ್ಟೇ. ಮುಚ್ಚುವುದು ಸ್ಪ್ರಿಂಗ್. ವಾಲ್ವ್, ರಿಟೇನರ್ (ಸ್ಪ್ರಿಂಗನ್ನು ಮೇಲಿನಿಂದ ಹಿಡಿಯುವ ಬಿಲ್ಲೆ), ಬಕೆಟ್ ಎಲ್ಲಕ್ಕೂ ತೂಕ ಇದೆ, ವೇಗ ಏರಿದಂತೆ ಅವು ಕ್ಯಾಮ್‌ನ ಮೂತಿ ಬಿಟ್ಟು ಹಾರಲು ನೋಡುತ್ತವೆ. ಅವನ್ನು ಹಿಡಿದಿಡಲು ಬೇಕಾದ ಬಲ ಆರ್‌ಪಿಎಂನ ವರ್ಗದಂತೆ ಏರುತ್ತದೆ. 6500ರಿಂದ 7500ಕ್ಕೆ ಹೋದರೆ ಆರ್‌ಪಿಎಂ ಜಾಸ್ತಿಯಾಗುವುದು ಶೇ. 15ರಷ್ಟು, ಆದರೆ ಬೇಕಾಗುವ ಬಲ ಸುಮಾರು ಶೇ. 33ರಷ್ಟು ಜಾಸ್ತಿ. ಇದು ಅದೇ ಹಳೆಯ ಕ್ಯಾಮ್ ಇದ್ದರೂ ಬರುವ ಲೆಕ್ಕ. ಹೊಸ ಕ್ಯಾಮ್ ವಾಲ್ವನ್ನು ಇನ್ನೂ ಚುರುಕಾಗಿ ಎತ್ತುತ್ತದೆ, ಹಾಗಾಗಿ ಹೊರೆ ಇನ್ನೂ ಏರುತ್ತದೆ. ಸ್ಪ್ರಿಂಗ್ ಸಾಲದಿದ್ದರೆ ವಾಲ್ವ್ ತೇಲುತ್ತದೆ, ಸೀಟಿಗೆ ಬಡಿದು ಪುಟಿಯುತ್ತದೆ, ಕೆಟ್ಟ ಗಳಿಗೆಯಲ್ಲಿ ಪಿಸ್ಟನ್‌ಗೂ ತಾಗುತ್ತದೆ.

ಹಾಗಂತ ಸಿಗುವುದರಲ್ಲಿ ಅತಿ ಗಟ್ಟಿ ಸ್ಪ್ರಿಂಗ್ ತಂದು ಹಾಕುವುದೂ ಸರಿಯಲ್ಲ. ಬೇಡದ ಒತ್ತಡ ಕ್ಯಾಮ್ ಲೋಬ್ (ಬಕೆಟ್ ಒತ್ತುವ ಉಬ್ಬು) ಮತ್ತು ಬಕೆಟ್ ಎರಡನ್ನೂ ತಿನ್ನುತ್ತದೆ, ಟೈಮಿಂಗ್ ಬೆಲ್ಟ್ ಮೇಲೆ ಹೊರೆ ಹಾಕುತ್ತದೆ. ಕ್ಯಾಮ್ ಜೊತೆ ಬರುವ ಕಾರ್ಡ್‌ನಲ್ಲಿ ವಾಲ್ವ್ ಮುಚ್ಚಿದಾಗ ಎಷ್ಟು ಒತ್ತಡ ಬೇಕು, ಪೂರ್ತಿ ತೆರೆದಾಗ ಎಷ್ಟು ಬೇಕು ಅಂತ ಇರುತ್ತದೆ. ನಾನು ಅದಕ್ಕೆ ಹೊಂದುವ ಸ್ಪ್ರಿಂಗ್ ಮಾತ್ರ ಹುಡುಕಿದೆ.

ಇನ್ನು ಕಾಯಿಲ್ ಬೈಂಡ್. ಅಂದರೆ ವಾಲ್ವ್ ಪೂರ್ತಿ ತೆರೆಯುವ ಮುಂಚೆಯೇ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಸ್ಪ್ರಿಂಗ್ ಕಬ್ಬಿಣದ ಗಟ್ಟಿಯಂತೆ ನಿಂತುಬಿಡುವುದು. ಆಮೇಲೆ ಕ್ಯಾಮ್ ತಳ್ಳುತ್ತಲೇ ಇರುತ್ತದೆ, ಹೋಗಲು ಜಾಗ ಇರುವುದಿಲ್ಲ, ಎಲ್ಲೋ ಒಂದು ಕಡೆ ಮುರಿಯಲೇಬೇಕು. ಇದನ್ನು ಅಳೆಯುವುದು ಕಷ್ಟವಲ್ಲ. ವಾಲ್ವ್, ರಿಟೇನರ್, ಕಾಟರ್ (ರಿಟೇನರನ್ನು ವಾಲ್ವ್‌ಗೆ ಹಿಡಿದಿಡುವ ಚಿಕ್ಕ ತುಂಡುಗಳು) ಮೂರನ್ನೂ ಸ್ಪ್ರಿಂಗ್ ಇಲ್ಲದೆ ಜೋಡಿಸಿ, ರಿಟೇನರನ್ನು ಮೇಲಕ್ಕೆ ಎಳೆದು ಹಿಡಿದು, ಸ್ಪ್ರಿಂಗ್ ಕೂರುವ ಜಾಗದಿಂದ ರಿಟೇನರ್ ತಳದವರೆಗೆ ಅಳೆಯಿರಿ. ಅದು ಇನ್‌ಸ್ಟಾಲ್ಡ್ ಹೈಟ್. ಸ್ಪ್ರಿಂಗ್ ಅಡಿ ಬರುವ ವಾಷರ್ ಅಳೆಯುವಾಗ ಅದರ ಜಾಗದಲ್ಲೇ ಇರಬೇಕು. ಆಮೇಲೆ ಸ್ಪ್ರಿಂಗನ್ನು ವೈಸ್‌ನಲ್ಲಿ ಹಿಡಿದು ಸುರುಳಿಗಳು ತಾಗುವವರೆಗೆ ಒತ್ತಿ ವರ್ನಿಯರ್‌ನಿಂದ ಎತ್ತರ ನೋಡಿ.

ನನ್ನ ಹೆಡ್‌ನಲ್ಲಿ ಇನ್‌ಸ್ಟಾಲ್ಡ್ ಹೈಟ್ 34.5 ಮಿ.ಮೀ. ಬಂತು. ಹಳೆಯ ಸ್ಪ್ರಿಂಗ್ ಪೂರ್ತಿ ಒತ್ತಿದಾಗ 23.9. ಅಂದರೆ ಅದಕ್ಕೆ ಕುಗ್ಗಲು ಇದ್ದ ಜಾಗ 10.6 ಮಿ.ಮೀ. ಮಾತ್ರ. ಕಂಪನಿ ಕ್ಯಾಮ್ ಇದ್ದಾಗ 2 ಮಿ.ಮೀ. ಉಳಿಯುತ್ತಿತ್ತು, ಹೊಸ ಕ್ಯಾಮ್ ಹಾಕಿದರೆ ಉಳಿಯುವುದು 0.1. ಸುಮ್ನೆ ಕೈಯಲ್ಲಿ ಎಂಜಿನ್ ತಿರುಗಿಸಿ ನೋಡಿದರೆ ಏನೂ ತಾಗುವುದಿಲ್ಲ, ‘ಸರಿಯಾಗಿದೆ’ ಅನ್ನಿಸುತ್ತದೆ, ಆದರೆ ಇದು ಸರಿಯಲ್ಲ. ಕನಿಷ್ಠ 1 ಮಿ.ಮೀ., ಸಾಧ್ಯವಾದರೆ 1.5 ಮಿ.ಮೀ. ಉಳಿಯಬೇಕು. ನಾನು ತಂದ ಸ್ಪ್ರಿಂಗ್ 22 ಮಿ.ಮೀ.ಗೆ ಬೈಂಡ್ ಆಗುತ್ತದೆ. 34.5ರಲ್ಲಿ 22 ಕಳೆದು, ಅದರಲ್ಲಿ ಲಿಫ್ಟ್ 10.5 ಕಳೆದರೆ 2 ಮಿ.ಮೀ. ಉಳಿಯಿತು. ನೆಮ್ಮದಿ.

ಹದಿನಾರೂ ವಾಲ್ವ್‌ಗೆ ಈ ಅಳತೆ ಬೇರೆ ಬೇರೆಯಾಗಿ ತೆಗೆಯಿರಿ. ಒಂದನ್ನು ಅಳೆದು ಉಳಿದವೂ ಹಾಗೇ ಇರುತ್ತವೆ ಅಂದುಕೊಳ್ಳುವುದು ಬೇಡ. ಸೀಟ್ ಕಟ್ ಆದ ಕಡೆ ವಾಲ್ವ್ ಸ್ವಲ್ಪ ಒಳಗೆ ಹೋಗಿ ಕೂರುತ್ತದೆ, ಅದರ ತುದಿ ಆ ಕಡೆ ಮೇಲೆ ಬರುತ್ತದೆ, ಇನ್‌ಸ್ಟಾಲ್ಡ್ ಹೈಟ್ ಜಾಸ್ತಿಯಾಗುತ್ತದೆ, ಒತ್ತಡ ಕಡಿಮೆಯಾಗುತ್ತದೆ. ನನ್ನ ಎರಡು ಎಕ್ಸಾಸ್ಟ್ ವಾಲ್ವ್ ಹಾಗೆ ಇದ್ದವು. ಅವುಗಳ ಸ್ಪ್ರಿಂಗ್ ಅಡಿಗೆ ತೆಳು ಸ್ಪ್ರಿಂಗ್ ಶಿಮ್ ಹಾಕಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದೆ.

ರಿಟೇನರ್ ಯಾಕೆ ಬದಲಿಸಬೇಕು ಅಂತ ಹಲವರು ಕೇಳುತ್ತಾರೆ. ಎರಡು ಕಾರಣ. ಹೊಸ ಸ್ಪ್ರಿಂಗ್‌ನ ಅಗಲ ಬೇರೆ ಇದ್ದರೆ ಹಳೆಯ ರಿಟೇನರ್ ಮೆಟ್ಟಿಲಿಗೆ ಅದು ಸರಿಯಾಗಿ ಕೂರುವುದಿಲ್ಲ, ಆ ಕಡೆ ಈ ಕಡೆ ಜರುಗುತ್ತದೆ. ಎರಡನೆಯದು ಹೆಚ್ಚಿನವರು ನೋಡದೇ ಬಿಡುವ ಜಾಗ: ವಾಲ್ವ್ ಪೂರ್ತಿ ತೆರೆದಾಗ ರಿಟೇನರ್‌ನ ತಳ ವಾಲ್ವ್ ಸೀಲ್‌ನ (ಎಣ್ಣೆ ಸಿಲಿಂಡರ್‌ಗೆ ಇಳಿಯದಂತೆ ತಡೆಯುವ ಸೀಲ್) ತಲೆಗೆ ತಾಗುತ್ತದೆಯಾ ಅನ್ನುವುದು. ತಾಗಿದರೆ ಸೀಲ್ ಪುಡಿಯಾಗುತ್ತದೆ, ಆಮೇಲೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ. ನನ್ನ ಹಳೆಯ ರಿಟೇನರ್‌ನಲ್ಲಿ ಲಿಫ್ಟ್ ಕಳೆದ ಮೇಲೆ 0.9 ಮಿ.ಮೀ. ಉಳಿಯುತ್ತಿತ್ತು. ಹೊಸ ಸ್ಪ್ರಿಂಗ್ ಜೊತೆ ಬಂದ ಸ್ಟೀಲ್ ರಿಟೇನರ್‌ನಲ್ಲಿ 1.7 ಉಳಿಯಿತು. ಟೈಟೇನಿಯಂ ರಿಟೇನರ್ ಹಗುರ ನಿಜ, ರೇಸ್ ಎಂಜಿನ್‌ಗೆ ಚೆನ್ನ. ಆದರೆ ಸ್ಪ್ರಿಂಗ್ ಉಜ್ಜುವ ಜಾಗದಲ್ಲಿ ಬೇಗ ಸವೆಯುತ್ತದೆ, ಆಗಾಗ ಬಿಚ್ಚಿ ನೋಡಬೇಕು. ದಿನಾ ಓಡಿಸುವ ಕಾರಿಗೆ ಒಳ್ಳೆಯ ಸ್ಟೀಲ್ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕಾಟರ್‌ಗಳೂ ಹೊಸವೇ ಹಾಕಿದೆ. ಇಷ್ಟು ಚಿಕ್ಕ ತುಂಡುಗಳು ಇಡೀ ವಾಲ್ವನ್ನು ಹಿಡಿದಿರುತ್ತವೆ, ಒಂದು ಜಾರಿದರೆ ವಾಲ್ವ್ ಸಿಲಿಂಡರ್ ಒಳಗೆ. ಹೊಸ ರಿಟೇನರ್‌ನ ಕೋನಕ್ಕೆ ಹೊಂದುವ ಕಾಟರ್ ಬೇಕು, ಬೇರೆ ಕೋನದ್ದು ಕಣ್ಣಿಗೆ ಕೂತಂತೆ ಕಂಡರೂ ಪೂರ್ತಿ ಹಿಡಿಯುವುದಿಲ್ಲ. ಜೋಡಿಸುವಾಗ ಸ್ವಲ್ಪ ಗ್ರೀಸ್ ಹಚ್ಚಿದರೆ ಅಲ್ಲಾಡದೆ ನಿಲ್ಲುತ್ತವೆ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಬಿಟ್ಟ ಮೇಲೆ ಪ್ರತಿ ವಾಲ್ವ್ ತುದಿಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ಒಂದೆರಡು ತಟ್ಟು ತಟ್ಟಿ. ಸರಿಯಾಗಿ ಕೂರದೇ ಇದ್ದರೆ ಆಗಲೇ ಹಾರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಈ ಕೆಲಸ ಮಾಡಲೇಬೇಡಿ.

ವಾಲ್ವ್ ಸೀಲ್ ಬಗ್ಗೆ ಹೆಚ್ಚೇನೂ ಇಲ್ಲ. ಸ್ಪ್ರಿಂಗ್ ಬಿಚ್ಚಿದ ಮೇಲೆ ಹಳೆಯ ಸೀಲ್ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಇನ್‌ಲೆಟ್ ಸೀಲ್, ಎಕ್ಸಾಸ್ಟ್ ಸೀಲ್ ಬೇರೆ ಬೇರೆ ಇರಬಹುದು, ಬಣ್ಣ ನೋಡಿಕೊಳ್ಳಿ. ವಾಲ್ವ್ ತುದಿಯಲ್ಲಿ ಕಾಟರ್ ಕೂರುವ ತೋಡು ಸೀಲ್ ತುಟಿಯನ್ನು ಹರಿಯದಂತೆ ಪ್ಲಾಸ್ಟಿಕ್ ಟೋಪಿ ಹಾಕಿ, ಎಣ್ಣೆ ಹಚ್ಚಿ ಇಳಿಸಿ. ಡಬಲ್ ಸ್ಪ್ರಿಂಗ್ ಹಾಕುವವರು ಒಳಗಿನ ಸ್ಪ್ರಿಂಗ್ ಸೀಲ್‌ನ ಮೈಗೆ ಉಜ್ಜುವುದಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು.

ನಾನು ಹೆಡ್ ಇಳಿಸಿಯೇ ಮಾಡಿದೆ. ಇಳಿಸದೆಯೂ ಮಾಡಬಹುದು: ಆ ಸಿಲಿಂಡರ್‌ನ ಪಿಸ್ಟನನ್ನು ಮೇಲಕ್ಕೆ ತಂದು, ಸ್ಪಾರ್ಕ್ ಪ್ಲಗ್ ತೂತಿನಿಂದ ಗಾಳಿ ಒತ್ತಡ ಕೊಟ್ಟು ವಾಲ್ವ್ ಕೆಳಗೆ ಬೀಳದಂತೆ ಹಿಡಿಯುವುದು. ಇಲ್ಲವೇ ಪಿಸ್ಟನ್ ಸ್ವಲ್ಪ ಕೆಳಗಿರುವಾಗ ನೈಲಾನ್ ಹಗ್ಗ ತುರುಕಿ ಆಮೇಲೆ ಪಿಸ್ಟನನ್ನು ಮೇಲಕ್ಕೆ ತರುವುದು. ಹಗ್ಗದ ಒಂದು ತುದಿ ಹೊರಗೆ ಇರಲಿ. ಹೆಡ್ ಇಳಿಸಿದರೆ ಒಂದು ಲಾಭ, ವಾಲ್ವ್ ಗೈಡ್ (ವಾಲ್ವ್ ಜಾರಾಡುವ ಕೊಳವೆ) ಸವೆದಿದೆಯಾ ಅಂತ ನೋಡಬಹುದು. ಗೈಡ್ ಸಡಿಲವಾಗಿದ್ದರೆ ಹೊಸ ಸ್ಪ್ರಿಂಗ್, ಹೊಸ ಸೀಲ್ ಎರಡೂ ವ್ಯರ್ಥ.

ಪಿಸ್ಟನ್ ಮತ್ತು ವಾಲ್ವ್ ನಡುವಿನ ಅಂತರಕ್ಕೆ ನಾನು ಬಹಳ ಹೊತ್ತು ಕೊಟ್ಟೆ. ಎಷ್ಟೋ ಜನ ಪೂರ್ತಿ ಲಿಫ್ಟ್‌ನಲ್ಲಿ ತಾಗುತ್ತದೆ ಅಂದುಕೊಳ್ಳುತ್ತಾರೆ, ಹಾಗಲ್ಲ. ಆ ಹೊತ್ತಿಗೆ ಪಿಸ್ಟನ್ ಕೆಳಗೆ ಹೋಗಿರುತ್ತದೆ. ಅಪಾಯ ಇರುವುದು ಎರಡೂ ವಾಲ್ವ್ ಸ್ವಲ್ಪ ಸ್ವಲ್ಪ ತೆರೆದಿರುವ ಹೊತ್ತಿನಲ್ಲಿ: ಎಕ್ಸಾಸ್ಟ್‌ಗೆ ಟಿಡಿಸಿಗಿಂತ (ಪಿಸ್ಟನ್ ತೀರಾ ಮೇಲೆ ಬರುವ ಬಿಂದು) ಸುಮಾರು 10 ಡಿಗ್ರಿ ಮುಂಚೆ, ಇನ್‌ಲೆಟ್‌ಗೆ ಸುಮಾರು 10 ಡಿಗ್ರಿ ಆದ ಮೇಲೆ. ಆದ್ದರಿಂದ ಲಿಫ್ಟ್ ಅಂಕಿ ಒಂದನ್ನೇ ನೋಡಿದರೆ ಸಾಲದು, ಡ್ಯುರೇಶನ್ ಜಾಸ್ತಿಯಾದಷ್ಟೂ ಇಲ್ಲಿ ಜಾಗ ಕಿರಿದಾಗುತ್ತದೆ. ನಾನು ಪಿಸ್ಟನ್ ಮೇಲೆ ಜೇಡಿಯಂಥ ಮೆತ್ತನೆಯ ಕ್ಲೇ ಅಂಟಿಸಿ, ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಕ್ಯಾಮ್ ಟೈಮಿಂಗ್ ಕೂಡಿಸಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ. ಹೆಡ್ ಬಿಚ್ಚಿ ಕ್ಲೇ ಕತ್ತರಿಸಿ ಅಳೆದೆ. ಇನ್‌ಲೆಟ್‌ಗೆ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಎಕ್ಸಾಸ್ಟ್ ವಾಲ್ವ್ ಹೆಚ್ಚು ಬಿಸಿಯಾಗಿ ಉದ್ದವಾಗುತ್ತದೆ, ಅದಕ್ಕೇ ಅದಕ್ಕೆ ಹೆಚ್ಚು ಜಾಗ. ನನ್ನದರಲ್ಲಿ 2.4 ಮತ್ತು 3 ಬಂತು.

ಇದು ಆ ಒಂದು ಟೈಮಿಂಗ್‌ಗೆ ಮಾತ್ರ ಅನ್ವಯ. ಅಡ್ಜಸ್ಟ್ ಮಾಡುವ ಕ್ಯಾಮ್ ಗೇರ್ ಇದ್ದರೆ ಇನ್‌ಲೆಟ್ ಕ್ಯಾಮನ್ನು ಅಡ್ವಾನ್ಸ್ (ಬೇಗ ತೆರೆಯುವಂತೆ) ಮಾಡಿದಷ್ಟೂ ಅಂತರ ಕಡಿಮೆಯಾಗುತ್ತದೆ, ಎಕ್ಸಾಸ್ಟ್ ಕ್ಯಾಮನ್ನು ರಿಟಾರ್ಡ್ (ತಡವಾಗಿ ಮುಚ್ಚುವಂತೆ) ಮಾಡಿದಷ್ಟೂ ಕಡಿಮೆಯಾಗುತ್ತದೆ. ಹೆಡ್ ಸ್ಕಿಮ್ ಮಾಡಿಸಿದ್ದರೆ ಅಂತರವೂ ಇಳಿಯುತ್ತದೆ, ಕ್ಯಾಮ್ ಟೈಮಿಂಗೂ ಸ್ವಲ್ಪ ಹಿಂದೆ ಬೀಳುತ್ತದೆ. ಗೇರ್ ಮೇಲಿನ ಗುರುತು ನೋಡಿ ಕೂಡಿಸಿದ್ದೇ ಟೈಮಿಂಗ್ ಅಂದುಕೊಳ್ಳದೆ, ಡಿಗ್ರಿ ವೀಲ್ (ಕ್ರ್ಯಾಂಕ್‌ನ ಕೋನ ತೋರಿಸುವ ಚಕ್ರ) ಕಟ್ಟಿ, ಡಯಲ್ ಗೇಜ್ ಇಟ್ಟು ಕಾರ್ಡ್‌ನಲ್ಲಿರುವ ಅಂಕಿಗೆ ಹೊಂದಿಸಿ.

ಬಕೆಟ್‌ಗಳ ಮುಖ ಹೊಳಪಾಗಿದ್ದರೂ ಹೊಸ ಲೋಬ್‌ಗೆ ಹೊಸ ಬಕೆಟ್ ಅನ್ನುವುದು ನನ್ನ ನಿಯಮ. ಹಳೆಯ ಬಕೆಟ್ ಹಳೆಯ ಲೋಬ್ ಜೊತೆ ಸವೆದು ಹೊಂದಿಕೊಂಡಿರುತ್ತದೆ. ಲಿಫ್ಟ್ ಜಾಸ್ತಿಯಾದ ಲೋಬ್ ಹೆಡ್‌ನ ಎರಕಕ್ಕೆ ಎಲ್ಲಾದರೂ ತಾಗುತ್ತದೆಯಾ ಅಂತಲೂ ಕ್ಯಾಮನ್ನು ಕೂರಿಸಿ ನಿಧಾನ ತಿರುಗಿಸಿ ನೋಡಿದೆ. ಶಿಮ್ ಬಕೆಟ್‌ನ ಮೇಲ್ಗಡೆ ಕೂರುವ ಎಂಜಿನ್ ನಿಮ್ಮದಾದರೆ ಇನ್ನೂ ಎಚ್ಚರ ಬೇಕು. ಹೆಚ್ಚು ಲಿಫ್ಟ್‌ನಲ್ಲಿ ಲೋಬ್ ಶಿಮ್‌ನ ಅಂಚು ಹಿಡಿದು ಅದನ್ನೇ ಹೊರಗೆ ಎಸೆಯಬಹುದು.

ಹಳೆಯ ಕ್ಯಾಮನ್ನೇ ಗ್ರೈಂಡ್ ಮಾಡಿ ಮಾಡಿದ ಕ್ಯಾಮ್‌ನಲ್ಲಿ ಲೋಬ್‌ನ ಬೇಸ್ ಸರ್ಕಲ್ (ಉಬ್ಬಿಲ್ಲದ ದುಂಡು ಭಾಗ) ಚಿಕ್ಕದಾಗಿರುತ್ತದೆ, ಹಾಗಾಗಿ ದಪ್ಪ ಶಿಮ್ ಬೇಕು. ಲೆಕ್ಕ ಸುಲಭ: ಈಗಿರುವ ಶಿಮ್‌ಗೆ ಈಗ ಸಿಕ್ಕ ಗ್ಯಾಪ್ (ಲೋಬ್ ಮತ್ತು ಬಕೆಟ್ ನಡುವಿನ ಸಂದು) ಕೂಡಿಸಿ, ಬೇಕಾದ ಗ್ಯಾಪ್ ಕಳೆಯಿರಿ. ನನ್ನ ಒಂದು ವಾಲ್ವ್‌ನಲ್ಲಿ ಶಿಮ್ 2.60, ಗ್ಯಾಪ್ 0.48, ಬೇಕಾದ್ದು 0.25. ಉತ್ತರ 2.83. ಸಿಕ್ಕಿದ್ದು 2.80 ಮತ್ತು 2.85. ನಾನು 2.80 ಹಾಕಿ 0.28 ಇಟ್ಟುಕೊಂಡೆ, ಯಾಕೆಂದರೆ ಇಂಥ ಎಂಜಿನ್‌ನಲ್ಲಿ ಸೀಟ್ ಸವೆದಂತೆ ಗ್ಯಾಪ್ ಕಿರಿದಾಗುತ್ತಾ ಹೋಗುತ್ತದೆ. ಸ್ವಲ್ಪ ಟಕಟಕ ಶಬ್ದ ಬಂದರೂ ಪರವಾಗಿಲ್ಲ, ಗ್ಯಾಪ್ ಇಲ್ಲದೆ ಸುಟ್ಟ ವಾಲ್ವ್ ಬೇಡ. ಗ್ಯಾಪ್ ಎಷ್ಟು ಅನ್ನುವುದಕ್ಕೆ ಹೊಸ ಕ್ಯಾಮ್‌ನ ಕಾರ್ಡ್ ನೋಡಿ, ಕಾರಿನ ಹಳೆಯ ಮ್ಯಾನುಯಲ್ ಅಲ್ಲ. ಪುಶ್‌ರಾಡ್ (ಉದ್ದ ಸರಳಿನ ಮೂಲಕ ವಾಲ್ವ್ ತೆರೆಯುವ) ಎಂಜಿನ್‌ನವರು ಬೇಸ್ ಸರ್ಕಲ್ ಚಿಕ್ಕದಾಗುವ ಇದೇ ಕಾರಣಕ್ಕೆ ಪುಶ್‌ರಾಡ್ ಉದ್ದವನ್ನು ಮತ್ತೆ ಅಳೆಯಬೇಕಾಗುತ್ತದೆ.

ಕ್ಯಾಮ್ ಕೂರಿಸುವಾಗ ಕ್ಯಾಪ್ ಬೋಲ್ಟ್‌ಗಳನ್ನು ಎಂಜಿನ್ ಮ್ಯಾನುಯಲ್‌ನಲ್ಲಿರುವ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗಟ್ಟಿ ಸ್ಪ್ರಿಂಗ್ ಕೆಳಗಿನಿಂದ ಒತ್ತುತ್ತಿರುವಾಗ ಒಂದು ಕಡೆ ಮಾತ್ರ ಎಳೆದರೆ ಕ್ಯಾಮ್ ಮುರಿಯಬಹುದು. ಟೈಮಿಂಗ್ ಬೆಲ್ಟ್, ಟೆನ್ಶನರ್ ಎರಡನ್ನೂ ಹೊಸದೇ ಹಾಕಿದೆ. ಪ್ರತಿ ಲೋಬ್‌ಗೆ ಅಸೆಂಬ್ಲಿ ಪೇಸ್ಟ್ ಹಚ್ಚಿ, ಜಿಂಕ್ ಅಂಶ ಜಾಸ್ತಿ ಇರುವ ಎಣ್ಣೆ ತುಂಬಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಪೆಟ್ರೋಲ್ ನಿಲ್ಲಿಸಿ, ಆಯಿಲ್ ಪ್ರೆಶರ್ ಬರುವವರೆಗೆ ಸೆಲ್ಫ್ ಹೊಡೆದೆ. ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗ್‌ಗೆ ಬಿಡದೆ 20 ನಿಮಿಷ 2000ದಿಂದ 2500 ಆರ್‌ಪಿಎಂ ನಡುವೆ ಏರಿಸಿ ಇಳಿಸುತ್ತಾ ಇಟ್ಟೆ. ಐಡ್ಲಿಂಗ್‌ನಲ್ಲಿ ಲೋಬ್‌ಗೆ ಎರಚುವ ಎಣ್ಣೆ ಕಡಿಮೆ, ಲೋಬ್ ತುದಿಯ ಮೇಲೆ ಸ್ಪ್ರಿಂಗ್ ಒತ್ತಡ ಪೂರ್ತಿ ಬೀಳುತ್ತದೆ. ಹೊಸ ಲೋಬ್ ಹಾಳಾಗುವುದು ಹೆಚ್ಚಾಗಿ ಈ ಮೊದಲ ನಿಮಿಷಗಳಲ್ಲೇ.

ಎಂಜಿನ್ ಈಗ 7500ವರೆಗೆ ಎಲ್ಲೂ ತೊದಲದೆ ಏರುತ್ತದೆ. ಐಡ್ಲಿಂಗ್ ಸ್ವಲ್ಪ ಒರಟಾಗಿದೆ, ಓವರ್‌ಲ್ಯಾಪ್ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು) ಜಾಸ್ತಿಯಾದ ಕ್ಯಾಮ್‌ಗೆ ಅದು ಸಹಜ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡಿಸದೆ ಇಂಥ ಕ್ಯಾಮ್‌ನ ಪೂರ್ತಿ ಲಾಭ ಸಿಗುವುದಿಲ್ಲ, ಅದನ್ನೂ ಮಾಡಿಸಿದೆ. 800 ಕಿ.ಮೀ. ಓಡಿದ ಮೇಲೆ ಕವರ್ ಬಿಚ್ಚಿ ಎಲ್ಲ ಗ್ಯಾಪ್ ಮತ್ತೆ ಅಳೆದೆ. ಸೀಟ್ ಕಟ್ ಆಗಿದ್ದ ಆ ಎರಡು ಎಕ್ಸಾಸ್ಟ್ ವಾಲ್ವ್ 0.02 ಮಿ.ಮೀ. ಬಿಗಿಯಾಗಿದ್ದವು, ಉಳಿದವು ಇದ್ದ ಹಾಗೇ ಇದ್ದವು. ಮುಂದಿನ ಸಲ ಎಣ್ಣೆ ಬದಲಿಸುವಾಗ ಆ ಎರಡನ್ನು ಮತ್ತೆ ಅಳೆಯುತ್ತೇನೆ.